ನಗಾರಿ ಬಿಡದ ಉಮ್ಮೆ ಕುಲ್ಸುಂ

ಉಮ್ಮೆ ಕುಲ್ಸುಂಳನ್ನು ನಾನು ಮೊದಲು ಕಂಡದ್ದು ಎರಡು ಸಾವಿರದ ಹತ್ತನೆಯ ಇಸವಿಯ ಜೂನ್ ತಿಂಗಳಲ್ಲಿ, ಶಿವಾಜಿನಗರದ ಸರ್ಕಾರಿ ಪ್ರೌಢಶಾಲೆಯ ಎಂಟನೆಯ ತರಗತಿಯಲ್ಲಿ. ಹಾಜರಿ ಕರೆಯುತ್ತಿದ್ದೆ. ಕೆಳಗೆ ರಸ್ತೆಯಲ್ಲಿ ಯಾರದೋ ಮದುವೆಯ ದಿಬ್ಬಣ ಬ್ಯಾಂಡ್ ಸಮೇತ ಬರುತ್ತಿತ್ತು. ಶಾಲೆಯ ಗೇಟಿನ ಹತ್ತಿರ ಬಂದೊಡನೆ ವಾದ್ಯಗಳೆಲ್ಲ ಒಮ್ಮೆಲೇ ನಿಂತವು. ಆಗ ಮೂರನೆಯ ಬೆಂಚಿನಿಂದ ಟಕ್, ಟಕ್ ಎಂಬ ಸದ್ದು ಕೇಳಿಸಿತು. ಬಿಳಿಯ ದುಪಟ್ಟಾ ಹೊದ್ದ ಸಣಕಲು ಹುಡುಗಿಯೊಬ್ಬಳು ಕಿಟಕಿಯ ಕಡೆ ನೋಡುತ್ತ ಎರಡು ಬೆರಳುಗಳಿಂದ ಬೆಂಚಿನ ಅಂಚನ್ನು ತಟ್ಟುತ್ತಿದ್ದಳು.

ಸದ್ದು ನಿಲ್ಲಿಸು ಎಂದೆ.

"ನಿಲ್ಸಕ್ಕಾಗಲ್ಲ ಮಿಸ್" ಎಂದಳು. ದನಿಯಲ್ಲಿ ಒರಟುತನವಿರಲಿಲ್ಲ; ನನಗೆ ತಿಳಿಯದ ಸಂಗತಿಯೊಂದನ್ನು ತಿಳಿಸುವ ತಾಳ್ಮೆಯಿತ್ತು. "ಸ್ಕೂಲ್ ಮುಂದೆ ಬಾರಿಸ್ಬಾರ್ದು ಅಂತ ಅವ್ರು ನಿಲ್ಸಿದ್ದಾರೆ. ಆದ್ರೆ ಕಾಲು ನಡೀತಾನೇ ಇದೆಯಲ್ಲ. ಕಾಲಿಗೋಸ್ಕರ ಯಾರಾದ್ರೂ ತಟ್ತಾ ಇರ್ಬೇಕು."

ಬಾಗಿಲಾಚೆ ನಿಲ್ಲಿಸಿದೆ. ಅಲ್ಲಿ ಹೋಗಿ ಕಂಬವನ್ನು ತಟ್ಟತೊಡಗಿದಳು. ದಿಬ್ಬಣ ತಿರುವು ದಾಟಿ ವಾದ್ಯಗಳು ಮತ್ತೆ ಮೊಳಗಿದ ಮೇಲೆ ತಾನಾಗಿ ನಿಲ್ಲಿಸಿ, ಒಳಗೆ ಬರಲೇ ಎಂದು ಕೇಳಿದಳು.

ಅದು ಅವಳ ತಂದೆಯ ಬ್ಯಾಂಡ್ ಎಂದು ಆಮೇಲೆ ತಿಳಿಯಿತು. ಮುನೀರ್ ಅವರು ಕ್ಲಾರಿನೆಟ್ ನುಡಿಸುವ ಬ್ಯಾಂಡ್ ಮಾಸ್ಟರು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕೆಳಗೆ ಬ್ಯಾಂಡಿನ ಅಂಗಡಿ, ಮೇಲೆ ಮನೆ. ಅಂಗಡಿಯೊಳಗೆ ಜರಿಯ ಪಟ್ಟಿಯ ಕೆಂಪು ಕೋಟುಗಳು ಸಾಲಾಗಿ ನೇತಾಡುತ್ತಿದ್ದವು. ದೊಡ್ಡ ಡ್ರಮ್ ಬಾರಿಸುವ ರಾಮಯ್ಯನವರು ಹಲಸೂರಿನವರು. ಮುನೀರರೊಂದಿಗೆ ಮೂವತ್ತು ವರ್ಷಗಳಿಂದ ಇದ್ದವರು. ಮದುವೆಗಳಿಲ್ಲದೆ ಬ್ಯಾಂಡಿಗೆ ಬಾಡಿಗೆ ಸಿಗದ ಆಷಾಢದ ದಿನಗಳಲ್ಲಿ ಕುಲ್ಸುಂಳಿಗೆ ಡ್ರಮ್ಮಿನ ಕಡ್ಡಿ ಹಿಡಿಯಲು ಕಲಿಸಿದವರು ಅವರೇ. ಅಂಗಡಿಯ ಷಟರ್ ಅರ್ಧ ಎಳೆದುಕೊಂಡು ಕಲಿಸುತ್ತಿದ್ದರು. ಮಗಳು ಡ್ರಮ್ ಮುಟ್ಟುವುದು ಮುನೀರರಿಗೆ ಸರಿಬರುತ್ತಿರಲಿಲ್ಲ.

ಆ ವರ್ಷದ ಸ್ವಾತಂತ್ರ್ಯೋತ್ಸವದ ಕವಾಯತಿಗೆ ಕುಲ್ಸುಂ ಡ್ರಮ್ ಕೇಳಿದಳು. ಡ್ರಮ್ ಹುಡುಗರಿಗೆ, ಹುಡುಗಿಯರಿಗೆ ಬಣ್ಣದ ಬಳೆಗಳ, ಅಂದರೆ ಕೈಯಲ್ಲಿ ಹಿಡಿದು ತಿರುಗಿಸುವ ದೊಡ್ಡ ರಿಂಗುಗಳ ಕವಾಯತು ಎಂದು ದೈಹಿಕ ಶಿಕ್ಷಕರು ಹೇಳಿದರು. ಬಣ್ಣದ ಬಳೆ ಕೈಗೆ ಕೊಟ್ಟರೆ ಅದನ್ನು ನೆಲದ ಮೇಲಿಟ್ಟಳು. ಬೇರೆ ಏನು ಬೇಕು ಎಂದು ನಾನು ಕೇಳಿದ್ದಕ್ಕೆ, ಬೇರೆ ಏನೂ ಬೇಡ, ಖಾಲಿ ಕೈಯಲ್ಲೇ ನಡೆಯುತ್ತೇನೆ ಎಂದಳು. ಹಾಗೆಯೇ ನಡೆದಳು. ಐವತ್ತು ಹುಡುಗಿಯರ ಕೈಯಲ್ಲಿ ಕೆಂಪು ಹಳದಿ ಬಳೆಗಳು. ಇವಳೊಬ್ಬಳ ಕೈ ಬರಿದು. ಅತಿಥಿಗಳಲ್ಲೊಬ್ಬರು ಆ ಹುಡುಗಿಗೆ ಬಳೆ ಸಾಲದೇ ಹೋಯಿತೇ ಎಂದು ಮರುಕದಿಂದ ವಿಚಾರಿಸಿದರು.

ಮುನೀರರನ್ನು ಕರೆಸಿ, ನಿಮ್ಮ ಮಗಳಿಗೆ ಲಯಜ್ಞಾನವಿದೆ ಎಂದೆ. ನನಗಾಗ ಸಂಗೀತದ ಬಗ್ಗೆ ಗೊತ್ತಿದ್ದದ್ದು ಅಷ್ಟೇ. ಅವರು ಟೋಪಿ ಸರಿಮಾಡಿಕೊಂಡರು.

"ಟೀಚರಮ್ಮ, ಕೋಟು ನೋಡಿ ಜನ ನಮ್ಮನ್ನ ರಾಜ ಅನ್ಕೋತಾರೆ. ಊಟದ ಹೊತ್ತಿಗೆ ನಮ್ಗೆ ಕೊನೇ ಪಂಕ್ತಿ. ಅದೂ ಹಾಲ್ ಹಿಂದೆ, ಪಾತ್ರೆ ತೊಳೆಯೋ ಜಾಗದಲ್ಲಿ. ನನ್ನ ಮಗಳು ಅಲ್ಲಿ ಕೂರೋದು ಬೇಡ."

ಡ್ರಮ್ಮಿನ ಮಾತು ನಾನು ಮತ್ತೆ ಎತ್ತಲಿಲ್ಲ. ಹತ್ತನೆಯ ತರಗತಿ ಮುಗಿಸಿ ಅವಳು ಹೊರಟುಹೋದಳು.

ಮತ್ತೆ ಅವಳು ಸಿಕ್ಕಿದ್ದು ನಾನು ನಿವೃತ್ತಳಾಗಿ ಸರ್ವಜ್ಞನಗರದಲ್ಲಿ ಮನೆ ಮಾಡಿದ ಮೇಲೆ. ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಏರ್ಪಾಡು ಇದೆಯಲ್ಲ, ಹಾಗೆ ಒಂದು ದಿನ ಬೆಳಗ್ಗೆ ಏಳು ಗಂಟೆಗೆ ನೀಲಿ ಚೀಲ ಹೊತ್ತ ಹೆಣ್ಣುಮಗಳೊಬ್ಬಳು ಬಂದಳು. ಮುಖಕ್ಕೆ ಮಾಸ್ಕ್ ಇತ್ತು. ಕೈ ಚಾಚಲು ಹೇಳಿ, ನರ ಹುಡುಕಲು ಎರಡು ಬೆರಳುಗಳಿಂದ ಮೊಣಕೈಯ ಒಳಬದಿಯನ್ನು ತಟ್ಟಿದಳು. ಟಕ್, ಟಕ್. ನಾನು ಮುಖ ನೋಡುವ ಮೊದಲೇ ಹೆಸರು ಹೇಳಿದೆ. ಅವಳು ನಕ್ಕ ರಭಸಕ್ಕೆ ಸೂಜಿ ಹಾಕಲು ಎರಡು ನಿಮಿಷ ತಡವಾಯಿತು.

ಇಂದಿರಾನಗರದ ಒಂದು ಲ್ಯಾಬಿನಲ್ಲಿ ಅವಳಿಗೆ ಕೆಲಸ. ಬೆಳಗ್ಗೆ ಆರರಿಂದ ಎರಡರವರೆಗೆ ಮನೆಮನೆ ಸುತ್ತಬೇಕು. ಮೂರು ತಿಂಗಳಿಗೊಮ್ಮೆ ನನ್ನ ಮನೆಗೂ ಬರುತ್ತಿದ್ದಳು. ಬಂದಾಗಲೆಲ್ಲ ಒಂದು ಲೋಟ ಕಾಫಿ, ಹತ್ತು ನಿಮಿಷ ಮಾತು. ಹಾಗೆ ನನಗೆ ಅವಳ ಆಟದ ಸುದ್ದಿ ಗೊತ್ತಾಯಿತು.

ಕೊರೊನಾ ಕಾಲದಲ್ಲಿ ಮದುವೆಗಳು ನಿಂತು ಬ್ಯಾಂಡಿನ ಅಂಗಡಿ ಕೆಲಕಾಲ ಮುಚ್ಚಿದ್ದಾಗ ಅವಳು ಹಳೆಯ ಕಂಪ್ಯೂಟರೊಂದನ್ನು ಕೊಂಡು ಈ ಆಟ ಹಿಡಿದಿದ್ದಳು. ಆಟದ ಹೆಸರನ್ನು ನಾಲ್ಕು ಸಲ ಹೇಳಿದಳು. ನನ್ನ ನಾಲಿಗೆಗೆ ನಿಲ್ಲಲಿಲ್ಲ. ತಿಳಿದಷ್ಟು ಇಷ್ಟು. ಬೇರೆ ಬೇರೆ ಮನೆಗಳಲ್ಲಿ ಕುಳಿತ ಹತ್ತು ಜನ ಒಂದೇ ಹೊತ್ತಿಗೆ ಆ ಲೋಕದೊಳಗೆ ಸೇರಿ, ಒಬ್ಬರ ಮಾತು ಒಬ್ಬರು ಕಿವಿಯಲ್ಲಿ ಕೇಳಿಸಿಕೊಳ್ಳುತ್ತ, ದೊಡ್ಡ ರಾಕ್ಷಸನೊಬ್ಬನ ಮೇಲೆ ದಂಡೆತ್ತಿ ಹೋಗುತ್ತಾರೆ. ಒಳಹೋಗುವ ಮೊದಲೇ ಪ್ರತಿಯೊಬ್ಬರೂ ತಾನು ಯಾರಾಗಿರಬೇಕೆಂದು ಆರಿಸಿಕೊಳ್ಳಬೇಕು. ಅದಕ್ಕೆ ಅವರು ಕ್ಲಾಸ್ ಎನ್ನುತ್ತಾರೆ. ಗುರಾಣಿ ಹಿಡಿದು ಮುಂದೆ ನಿಂತು ಪೆಟ್ಟು ತಿನ್ನುವವರು ಒಂದು ಕ್ಲಾಸ್. ಗಾಯ ಮಾಯಿಸುವವರು, ಅವರ ಭಾಷೆಯಲ್ಲಿ ಹೀಲರ್, ಇನ್ನೊಂದು. ಬಿಲ್ಲುಗಾರರು, ಬೆಂಕಿ ಎಸೆಯುವ ಮಂತ್ರವಾದಿಗಳು ಬೇರೆ. ಎಲ್ಲರಿಗಿಂತ ಕೊನೆಯಲ್ಲಿ, ಯಾರೂ ಆರಿಸಿಕೊಳ್ಳದ ನಗಾರಿಯವರು. ನಗಾರಿಯ ಸದ್ದು ಮುಟ್ಟುವಷ್ಟು ದೂರ ಒಂದು ವೃತ್ತ ಏಳುತ್ತದೆ. ವೃತ್ತದೊಳಗೆ ಇದ್ದವರ ಹೆಜ್ಜೆ ಚುರುಕಾಗುತ್ತದೆ, ಪೆಟ್ಟು ಬಲವಾಗುತ್ತದೆ. ಆದರೆ ಬಾರಿಸುವವಳು ತಾನು ರಾಕ್ಷಸನಿಗೆ ಕೊಡುವ ಪೆಟ್ಟು ಇಲ್ಲವೆನ್ನುವಷ್ಟು ಕಡಿಮೆ.

ಕುಲ್ಸುಂ ಒಂದು ಗಳಿಗೆಯೂ ಯೋಚಿಸದೆ ನಗಾರಿ ಆರಿಸಿಕೊಂಡಳಂತೆ. ಅಲ್ಲಿ ಷಟರ್ ಎಳೆಯುವ ಅಗತ್ಯವಿರಲಿಲ್ಲ.

ತೊಡಕು ಬಂದದ್ದು ಪಟ್ಟಿಯಿಂದ. ಪ್ರತಿ ಕಾಳಗದ ಕೊನೆಗೆ ಯಾರು ಎಷ್ಟು ಪೆಟ್ಟು ಕೊಟ್ಟರೆಂದು ಪರದೆಯ ಮೇಲೆ ಒಂದು ಪಟ್ಟಿ ಮೂಡುತ್ತದೆ. ಹತ್ತು ಹೆಸರುಗಳಲ್ಲಿ ಕುಲ್ಸುಂ ಯಾವಾಗಲೂ ಹತ್ತನೆಯವಳು. ಅವಳ ತಂಡದ ನಾಯಕ ಸುನೀಲ್, ಕೆ.ಆರ್. ಪುರದಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡವನು. ಭಾನುವಾರ ಮಧ್ಯಾಹ್ನ ಮೂರರಿಂದ ಆರರವರೆಗೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಆಡುತ್ತಿದ್ದ. ಕೆಟ್ಟವನಲ್ಲ, ಸೋಲುವುದು ಅವನಿಗೆ ಆಗಿಬರುತ್ತಿರಲಿಲ್ಲ, ಅಷ್ಟೆ. ಮಂತ್ರವಾದಿಯಾದ ಅವನ ಹೆಸರು ಪಟ್ಟಿಯಲ್ಲಿ ಮೊದಲನೆಯದು. ಆ ಪಟ್ಟಿಯ ಚಿತ್ರವನ್ನು ಪ್ರತಿ ವಾರ ತಂಡದ ವಾಟ್ಸಾಪಿಗೆ ಹಾಕುತ್ತಿದ್ದ.

ಅವಳು ಆಟ ಹಿಡಿದ ಮೂರನೆಯ ವರ್ಷದ ಮಳೆಗಾಲದಲ್ಲಿ ಅವರೆಲ್ಲ ಒಂದು ಸೇತುವೆಯ ಮೇಲೆ ಸಿಕ್ಕಿಬಿದ್ದಿದ್ದರು. ಸೇತುವೆಯನ್ನು ಕಲ್ಲಿನ ದೈತ್ಯನೊಬ್ಬ ಕಾಯುತ್ತಿದ್ದ. ಮೊದಲರ್ಧ ಅವನೊಡನೆ ಹೊಡೆದಾಡುತ್ತ ಮುಂದೆ ಸಾಗಬೇಕು. ಅದು ಮುಗಿದೊಡನೆ ಹೊಗೆ ಕವಿದು ದೈತ್ಯನ ಕಣ್ಣು ಕಟ್ಟುತ್ತದೆ. ಆಮೇಲೆ ಅವನಿಗೆ ಕಿವಿಯೊಂದೇ ದಿಕ್ಕು. ಬಾಣದ ಸದ್ದಾಗಲಿ ನಗಾರಿಯ ಸದ್ದಾಗಲಿ ಕೇಳಿದರೆ ಸುತ್ತಿಗೆ ಬೀಸುತ್ತಾನೆ. ಹತ್ತೂ ಜನ ಸದ್ದಿಲ್ಲದೆ ನಲವತ್ತು ಹಲಗೆಗಳನ್ನು ದಾಟಬೇಕು. ಪ್ರತಿ ಹಲಗೆಯ ಮೇಲೂ ಎಲ್ಲರ ಹೆಜ್ಜೆ ಒಂದೇ ಕ್ಷಣದಲ್ಲಿ ಬೀಳಬೇಕು. ಒಬ್ಬ ತಡಮಾಡಿದರೂ ಹಲಗೆ ಮುರಿದು ಎಲ್ಲರೂ ಹೊಳೆಗೆ. ಸುನೀಲ್ ಒಂದು, ಎರಡು ಎಂದು ಎಣಿಸುತ್ತಿದ್ದ. ಹದಿನೈದನೆಯ ಹಲಗೆಯ ಹೊತ್ತಿಗೆ ಅವನ ಎಣಿಕೆಯೇ ಗಾಬರಿಯಿಂದ ಓಡತೊಡಗುತ್ತಿತ್ತು. ಆರು ಭಾನುವಾರ ಹೀಗೇ ಮುಳುಗಿದರು.

ಏಳನೆಯ ಭಾನುವಾರ ಹೊಗೆ ಕವಿಯುವ ಮೊದಲೇ ಮುಳುಗಿದರು. ಅದಕ್ಕೆ ಕಾರಣ ಕುಲ್ಸುಂ. ಅವಳ ನಗಾರಿಯವಳು ತಂಡದ ಎದುರು ನಿಂತು, ತಂಡದ ಕಡೆಗೇ ಮುಖ ಮಾಡಿ, ಹಿಂದೆ ಹಿಂದೆ ನಡೆಯುತ್ತ ಬಾರಿಸುವವಳು. ಅಷ್ಟು ದಿನ ಅಂದಾಜಿನಲ್ಲಿ ದಾಟುತ್ತಿದ್ದಳು; ಆ ದಿನ ಸೇತುವೆ ಎಡಕ್ಕೆ ಬಾಗಿದ ಕಡೆ ಇವಳು ನೇರವಾಗಿ ಹಿಂದಕ್ಕೆ ಹೋಗಿ ಅಂಚಿನಿಂದ ಉರುಳಿದಳು. ನಗಾರಿಯ ವೃತ್ತ ಬಿಡಬಾರದೆಂದು ಅವಳ ಬೆನ್ನುಹತ್ತಿದ್ದ ಆರು ಜನರೂ ಉರುಳಿದರು. ಯಾರೋ ಅದರ ವಿಡಿಯೊ ಹಿಡಿದು ವಾಟ್ಸಾಪಿಗೆ ಹಾಕಿದರು. "ಗುರು, ಬಾಜಾ ಬಜಂತ್ರಿ ಸಮೇತ ದಿಬ್ಬಣಾನೇ ಹೊಳೆಗೆ" ಎಂದು ಒಬ್ಬ ಬರೆದ. ಅದಕ್ಕೆ ಐದಾರು ಜನ ನಕ್ಕರು.

ಸುನೀಲ್ ನಗಲಿಲ್ಲ. ಅವಳಿಗೆ ಫೋನ್ ಮಾಡಿ ನೇರವಾಗಿ ಹೇಳಿದ. ಮುಂದಿನ ಭಾನುವಾರದೊಳಗೆ ಕ್ಲಾಸ್ ಬದಲಾಯಿಸಿಕೊಂಡು ಹೀಲರ್ ಆಗಿ ಬರಬೇಕು. ಇಲ್ಲದಿದ್ದರೆ ಹಲಸೂರಿನ ಪ್ರೇಮ್‌ಕುಮಾರ್ ಎಂಬ ಬಿಲ್ಲುಗಾರ ಕಾಯುತ್ತಿದ್ದಾನೆ, ಜಾಗ ಅವನಿಗೆ.

ಆ ಗುರುವಾರ ನನ್ನ ರಕ್ತ ತೆಗೆಯಲು ಬಂದವಳು ಇದನ್ನೆಲ್ಲ ಹೇಳಿ ಕಾಫಿ ಮುಟ್ಟದೆ ಕುಳಿತಳು. ಮೂರು ವರ್ಷದಿಂದ ಜೊತೆಗಿದ್ದ ತಂಡ. ಕೊರೊನಾದಲ್ಲಿ ಮೂಗಿನೊಳಗೆ ಕಡ್ಡಿ ಹಾಕಿ ಹಾಕಿ ಸುಸ್ತಾಗಿ ಬಂದಾಗ ಇವಳ ದನಿ ಕೇಳಲು ಇದ್ದವರು ಆ ಒಂಬತ್ತು ಜನ. ಆ ಜಾಗ ಹೋದರೆ ಅವಳಿಗೆ ಏನು ಹೋಗುತ್ತದೆಂದು ನನಗೂ ಅರ್ಥವಾಯಿತು. ಬದಲಾಯಿಸಿದರೆ ಏನು ನಷ್ಟ ಎಂದು ಮೆಲ್ಲಗೆ ಕೇಳಿದೆ.

"ಹೀಲರ್ ಒಳ್ಳೇ ಕ್ಲಾಸೇ ಮಿಸ್, ಬೇಡ ಅನ್ನಲ್ಲ. ಆದ್ರೆ ಅದು ನಂದಲ್ಲ" ಎಂದಳು. "ನಾನು ಹತ್ತನೇದು ಅಂತ ಪಟ್ಟೀಲಿದೆ. ನಾನಿಲ್ದೆ ಹೋದ್ರೆ ಸುನೀಲನ ಪೆಟ್ಟು ಎಷ್ಟಾಗುತ್ತೆ ಅನ್ನೋದು ಪಟ್ಟೀಲಿಲ್ಲ. ಬದಲಾಯಿಸಲ್ಲ."

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ಭಾನುವಾರ ಊಟಕ್ಕೆ ಬನ್ನಿ, ಕೊನೆಯ ಆಟವಾದರೆ ನೀವಾದರೂ ನೋಡಿದಂತಾಗುತ್ತದೆ ಎಂದಳು.

ಹೋದೆ. ಅಂಗಡಿಯ ಮೇಲಿನ ಮನೆಯಲ್ಲಿ ಚಾಪೆ ಹಾಸಿ, ಅದರ ಮೇಲೆ ದಸ್ತರಖಾನ್ ಬಟ್ಟೆ ಹರಡಿ ಊಟ ಬಡಿಸಿದ್ದರು. ಆಷಾಢವಾದ್ದರಿಂದ ರಾಮಯ್ಯನವರೂ ಬಿಡುವಾಗಿದ್ದರು. ಮಂಡಿ ನೋವೆಂದು ಅವರೊಬ್ಬರು ಕುರ್ಚಿಯ ಮೇಲೆ ಕುಳಿತಿದ್ದರು. ಮುನೀರರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಮಗಳ ಆಟದ ಗೊಂದಲ ಅವರಿಗೂ ತಿಳಿದಿತ್ತು. ಅವರ ಬೇಸರ ಸುನೀಲನ ಬೇಸರಕ್ಕಿಂತ ಹಳೆಯದು.

"ನೋಡಿ ಟೀಚರಮ್ಮ, ಅಲ್ಲಿ ಯಾರು ಬೇಕಾದ್ರೂ ಆಗ್ಬೋದಂತೆ. ರಾಣಿ ಆಗ್ಬೋದು, ಮಂತ್ರವಾದಿ ಆಗ್ಬೋದು. ಇವಳು ಅಲ್ಲೂ ಕೊನೇ ಪಂಕ್ತೀನೇ ಆರಿಸ್ಕೊಂಡ್ಳು."

ಕುಲ್ಸುಂ ಅನ್ನದ ತಟ್ಟೆಯನ್ನು ನನ್ನ ಕಡೆಗೆ ಸರಿಸಿ ತಂದೆಯ ಕಡೆ ತಿರುಗಿದಳು. ಮನೆಯಲ್ಲಿ ದಖನಿ ಉರ್ದು ಮಾತಾಡುವವರು. ನನಗೂ ರಾಮಯ್ಯನವರಿಗೂ ಕೇಳಲೆಂದೇ ಕನ್ನಡದಲ್ಲಿ ಹೇಳಿದಳು.

"ಕೊನೇ ಪಂಕ್ತಿ ಮಾಡಿದ್ದು ಅವ್ರು ಅಬ್ಬಾ. ಡ್ರಮ್ಮು ಏನ್ ತಪ್ಪು ಮಾಡ್ತು?"

ರಾಮಯ್ಯನವರು ಆ ವಿಡಿಯೊ ತೋರಿಸು ಎಂದು ಕೈ ಚಾಚಿದರು. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಎರಡು ಸಲ ನೋಡಿದರು. ಪುಟ್ಟ ನಗಾರಿಯವಳು ಹಿಂದೆ ಹಿಂದೆ ಹೋಗಿ ಹೊಳೆಗೆ ಬಿದ್ದಳು. ಮತ್ತೆ ಹೋಗಿ ಮತ್ತೆ ಬಿದ್ದಳು.

"ಇದು ನಿಮ್ಮಪ್ಪನ ನಡಿಗೆ ಕಣಮ್ಮಾ" ಎಂದರು.

ಹೌದಲ್ಲ ಎಂದು ನನಗೂ ಆಗ ಹೊಳೆಯಿತು. ಮುನೀರರು ದಿಬ್ಬಣದ ಮುಂದೆ ಎಂದೂ ಮುಖ ಮುಂದಿಟ್ಟು ನಡೆದವರಲ್ಲ. ಮದುಮಗನ ಕಡೆಗೂ ತಮ್ಮವರ ಕಡೆಗೂ ಮುಖಮಾಡಿ, ಕ್ಲಾರಿನೆಟ್ ಎತ್ತಿ, ಬೆನ್ನನ್ನು ರಸ್ತೆಗೆ ಕೊಟ್ಟು ಮೈಲಿಗಟ್ಟಲೆ ಹಿಂದೆ ಹಿಂದೆ ನಡೆಯುತ್ತಿದ್ದರು. ಮಹಡಿಯಿಂದ ನೋಡುತ್ತ ಬೆಳೆದ ಮಗಳಿಗೆ ಬ್ಯಾಂಡಿನ ಮುಂದೆ ನಡೆಯುವುದೆಂದರೆ ಹಾಗೆ; ಬೇರೆ ರೀತಿ ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ.

"ನಿಮ್ಮಪ್ಪ ನಲವತ್ತು ವರ್ಷ ನಡೆದ್ರಲ್ಲ, ಒಂದ್ಸಲಾನಾದ್ರೂ ಮೋರಿಗೆ ಬಿದ್ರಾ?" ರಾಮಯ್ಯನವರು ಕೇಳಿದರು. "ಯಾಕೆ ಬೀಳ್ಲಿಲ್ಲ?"

ಕುಲ್ಸುಂ ಗೊತ್ತಿಲ್ಲವೆಂದು ತಲೆಯಾಡಿಸಿದಳು; ಅದನ್ನು ಅವಳು ಎಂದೂ ಯೋಚಿಸಿರಲಿಲ್ಲ.

"ಅವರ ಎದುರಿಗೆ ನಾನಿದ್ದೆ. ಅವರ ಬೆನ್ನ ಹಿಂದಿನ ರಸ್ತೆ ನನ್ನ ಕಣ್ಣಿಗೆ ಕಾಣ್ತಿತ್ತು. ಗುಂಡಿ ಇದ್ರೆ ಡ್ರಮ್ಮಿನ ಅಂಚಿನ ಮರದ ಬಳೆ ಮೇಲೆ ಒಂದೇಟು. ತಿರುವು ಇದ್ರೆ ಎರಡು. ಜನಕ್ಕೆ ಅದು ಹಾಡಿನ ಜೊತೆ ಸೇರ್ಕೊಂಡ್ಬಿಡ್ತಿತ್ತು, ಯಾರಿಗೂ ಗೊತ್ತಾಗ್ತಿರ್ಲಿಲ್ಲ. ನಿನ್ನ ಎದುರಿಗೆ ಯಾರಿದ್ರು?"

ಎದುರಿಗೆ ಒಂಬತ್ತು ಜನರಿದ್ದರು. ಅವರಲ್ಲಿ ಯಾರಾದರೂ ದಾರಿ ನೋಡಿ ಹೇಳುತ್ತಾರೆಂದು ಅವಳ ಮೈ ನಂಬಿತ್ತು. ಅವರಿಗೆ ಯಾರೂ ಅದನ್ನು ಹೇಳಿರಲಿಲ್ಲ. ಬೇರೆ ಯಾರ ಮಗಳೂ ಮಾಡದ ತಪ್ಪು ಅದು.

ಊಟದ ಕೈ ತೊಳೆದವಳೇ ಹೇಮಶ್ರೀಗೆ ಫೋನ್ ಮಾಡಿದಳು. ಹೇಮಶ್ರೀ ಇಂದಿರಾನಗರದ ಕಾಲೇಜೊಂದರಲ್ಲಿ ಗ್ರಂಥಪಾಲಕಿ; ತಂಡದಲ್ಲಿ ಗುರಾಣಿ ಹಿಡಿಯುವವಳು. ಎಲ್ಲರಿಗಿಂತ ಮುಂದೆ, ಕುಲ್ಸುಂಳ ಎದುರಿಗೇ ನಡೆಯುವವಳು. ನನ್ನ ಬೆನ್ನ ಹಿಂದೆ ನೋಡುತ್ತಿರು, ಅಂಚು ಬಂದರೆ ಒಂದು ಮಾತು, ತಿರುವು ಬಂದರೆ ದಿಕ್ಕು ಹೇಳು ಎಂದು ಇವಳು ಹೇಳಿದಳು. ಅಷ್ಟೇನಾ, ಮೊದಲೇ ಹೇಳಬಾರದಿತ್ತಾ ಎಂದು ಅವಳು ಬೈದದ್ದು ನಮಗೂ ಕೇಳಿಸಿತು.

ಮೂರು ಗಂಟೆಗೆ ಸರಿಯಾಗಿ ಕುಲ್ಸುಂ ಕಿಟಕಿಯ ಪಕ್ಕದ ಮೇಜಿನ ಮುಂದೆ ಕುಳಿತಳು. ನಮಗೂ ಕೇಳಲೆಂದು ಮಾತಿನ ಸದ್ದನ್ನು ಸ್ಪೀಕರಿಗೆ ಹಾಕಿದಳು. ಪರದೆಯ ಮೇಲೆ ಹತ್ತು ಪುಟ್ಟ ಆಕೃತಿಗಳು ಸೇತುವೆಯ ಬಾಯಲ್ಲಿ ನಿಂತವು. ಒಂದರ ಸೊಂಟಕ್ಕೆ ನಗಾರಿ ಕಟ್ಟಿತ್ತು.

"ಬದಲಾಯಿಸಿಲ್ವಾ?" ಸುನೀಲನ ದನಿ.

"ಇಲ್ಲ."

"ಕುಲ್ಸುಂ, ಹೇಳಿದ್ದೆ ತಾನೆ?"

"ಹೌದು, ಹೇಳಿದ್ದೆ. ಜಾಗ ಕೊಡೋದು ಬಿಡೋದು ನಿನ್ನ ಕೈಲಿದೆ. ನಾನು ಯಾರಾಗಿ ಬರ್ಬೇಕು ಅನ್ನೋದು ನನ್ನ ಕೈಲಿದೆ. ಕಳಿಸೋದಾದ್ರೆ ಈಗ್ಲೇ ಕಳ್ಸು."

ಸ್ಪೀಕರಿನಲ್ಲಿ ಯಾರದೋ ಮನೆಯ ಕುಕ್ಕರ್ ಕೂಗಿತು. ಪ್ರೇಮ್‌ಕುಮಾರನ ಡ್ಯೂಟಿ ಮುಗಿದು ಅವನು ಮನೆ ಸೇರುವುದು ನಾಲ್ಕಕ್ಕೆ, ಅವನು ಬರುವವರೆಗೆ ಆಡು, ಆಮೇಲೆ ನೋಡೋಣ ಎಂದು ಸುನೀಲ್ ಹೇಳಿದ. ಆಮೇಲೆ ನೋಡುವುದೇನಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವಳಿಗೆ ಒಂದು ಗಂಟೆ ಸಿಕ್ಕಿತು.

ಮೊದಲ ಸಲ ದೈತ್ಯನ ಸುತ್ತಿಗೆ ಹೇಮಶ್ರೀಯ ಮೇಲೆ ಬಿದ್ದು ಆಟ ಬೇಗ ಮುಗಿಯಿತು. ಎರಡನೆಯ ಸಲ ಕುಲ್ಸುಂ ತಂಡಕ್ಕೆ ಮುಖಮಾಡಿ ಹಿಂದೆ ಹಿಂದೆ ನಡೆದಳು. ಬಾಗಿನ ಹತ್ತಿರ ಹೇಮಶ್ರೀ "ಎಡ, ಎಡ" ಎಂದಳು. ನಗಾರಿಯವಳು ನೋಡದೆಯೇ ಎಡಕ್ಕೆ ತಿರುಗಿದಳು, ವೃತ್ತವೂ ತಿರುಗಿತು, ಅದರೊಳಗಿದ್ದವರೂ ತಿರುಗಿದರು. ಹಿಂದೆ ಕುರ್ಚಿಯಲ್ಲಿದ್ದ ರಾಮಯ್ಯನವರು ಹೂಂ ಎಂದರು. ತಂಡಕ್ಕೆ ಮುಖಮಾಡಿ ಇದ್ದುದರಿಂದ ಯಾರು ಬಳಲಿದ್ದಾರೆ, ಯಾರು ಹಿಂದುಳಿದಿದ್ದಾರೆ ಎಂಬುದು ಅವಳೊಬ್ಬಳಿಗೇ ಕಾಣುತ್ತಿತ್ತು. ಹೆಸರು ಹಿಡಿದು ಒಬ್ಬೊಬ್ಬರನ್ನೇ ವೃತ್ತದೊಳಗೆ ಕರೆದುಕೊಳ್ಳುತ್ತಿದ್ದಳು.

ಹೊಗೆ ಕವಿಯಿತು. ಇನ್ನು ನಗಾರಿ ಬಾರಿಸುವಂತಿಲ್ಲ. ಗಡಿಯಾರದಲ್ಲಿ ಮೂರೂಮುಕ್ಕಾಲು. ಎಣಿಕೆ ಶುರುಮಾಡಲು ಸುನೀಲ್ ಬಾಯಿ ತೆರೆದಾಗ ಕುಲ್ಸುಂ ಅವನನ್ನು ತಡೆದಳು.

"ನೀನು ಎಣಿಸ್ಬೇಡ. ಯಾರೂ ಮಾತಾಡ್ಬೇಡಿ. ಸದ್ದು ಕೇಳಿದಾಗ ಒಂದು ಹೆಜ್ಜೆ, ಅಷ್ಟೆ."

ಕಡ್ಡಿಗಾಗಿ ಹಿಂದಕ್ಕೆ, ರಾಮಯ್ಯನವರ ಕಡೆಗೆ ಕೈ ಚಾಚಿದಳು. ರಾಮಯ್ಯನವರ ಹತ್ತಿರ ಕಡ್ಡಿ ಇರಲಿಲ್ಲ. ಬಾಗಿಲ ಹತ್ತಿರ ಅಷ್ಟು ಹೊತ್ತೂ ಬೆನ್ನು ತಿರುಗಿಸಿ ನಿಂತಿದ್ದ ಮುನೀರರು ಕೆಳಗಿಳಿದು ಹೋದರು. ಬೇಸರವಾಗಿ ಹೋದರೆಂದೇ ನಾನು ತಿಳಿದೆ. ಅವಳು ಕಾಯಲಿಲ್ಲ, ಎಡಗೈಯ ಎರಡು ಬೆರಳುಗಳಿಂದ ಮೇಜಿನ ಅಂಚನ್ನು ತಟ್ಟತೊಡಗಿದಳು. ಟಕ್. ಟಕ್. ಟಕ್. ಎಂಟನೆಯ ತರಗತಿಯ ಮೂರನೆಯ ಬೆಂಚಿನ ಸದ್ದು. ಬೌರಿಂಗ್ ಆಸ್ಪತ್ರೆಯ ಮುಂದೆ, ಮಸೀದಿಯ ಮುಂದೆ, ಇಗರ್ಜಿಯ ಮುಂದೆ, ದೇವಸ್ಥಾನದ ಮುಂದೆ ವಾದ್ಯಗಳೆಲ್ಲ ನಿಂತಾಗ ರಾಮಯ್ಯನವರು ಡ್ರಮ್ಮಿನ ಬಳೆಯ ಮೇಲೆ ತಟ್ಟಿ ಮುನೀರರ ತಂಡದ ಕಾಲುಗಳನ್ನು ನಡೆಸುತ್ತಿದ್ದದ್ದು ಇದೇ ಸದ್ದಿನಿಂದ. ಅದು ಮೈಕಿನ ಮೂಲಕ ಒಂಬತ್ತು ಮನೆಗಳಿಗೆ ಹೋಗುತ್ತಿತ್ತು. ದೈತ್ಯನ ಕಿವಿ ಎಷ್ಟೇ ಚುರುಕಾಗಿರಲಿ, ಶಿವಾಜಿನಗರದ ಮೇಜಿನ ಸದ್ದು ಅವನಿಗೆ ಕೇಳುವಂತಿರಲಿಲ್ಲ.

ಹತ್ತು ಹಲಗೆ ದಾಟಿದರು. ಹದಿನೈದು. ಸದ್ದು ಓಡಲಿಲ್ಲ, ನಿಧಾನಿಸಲೂ ಇಲ್ಲ. ಇಪ್ಪತ್ತರ ಹತ್ತಿರ ಯಾರದೋ ಏದುಸಿರು ಸ್ಪೀಕರಿನಲ್ಲಿ ಕೇಳಿಸಿತು; ಅದೂ ತಟ್ಟಿಗೆ ಹೊಂದಿಕೊಂಡಿತು. ಆ ಹೊತ್ತಿಗೆ ಮುನೀರರು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಡ್ರಮ್ಮಿನ ಕಡ್ಡಿಯಿತ್ತು. ತಟ್ಟು ತಪ್ಪದಂತೆ, ಎರಡು ತಟ್ಟುಗಳ ನಡುವೆ ಅದನ್ನು ಮಗಳ ಎಡಗೈಗೆ ಕೊಟ್ಟರು. ಮುಂದಿನ ತಟ್ಟು ಕಡ್ಡಿಯದಾಗಿತ್ತು.

ನಲವತ್ತನೆಯ ಹಲಗೆ ದಾಟಿ ಹತ್ತೂ ಜನ ಆಚೆ ದಡದಲ್ಲಿ ನಿಂತರು. ಹೊಗೆ ಸರಿಯಿತು. ಅವಳು ನಗಾರಿಗೆ ಕೈ ಹಾಕಿದಳು. ಆಮೇಲಿನ ಐದು ನಿಮಿಷ ಬೆಂಕಿ, ಬಾಣ, ಕೂಗಾಟ. ನನಗೆ ಏನೂ ಅರ್ಥವಾಗಲಿಲ್ಲ. ಕಲ್ಲಿನ ದೈತ್ಯ ಮಂಡಿಯೂರಿ ಕುಸಿದದ್ದು ಮಾತ್ರ ಕಾಣಿಸಿತು.

ಪರದೆಯ ಮೇಲೆ ಪಟ್ಟಿ ಮೂಡಿತು. ಮೊದಲ ಹೆಸರು ಸುನೀಲನದು. ಹತ್ತನೆಯದು ಕುಲ್ಸುಂಳದು. ನಾಲ್ಕು ಗಂಟೆಗೆ ಪ್ರೇಮ್‌ಕುಮಾರ್ ಒಳಬಂದು, ನಾನು ರೆಡಿ ಎಂದ.

"ಇವತ್ತು ಜಾಗ ಇಲ್ಲ ಮಗಾ" ಎಂದ ಸುನೀಲ್. ತಡೆದು, "ಮುಂದೆ ಯಾರಾದ್ರೂ ಬಿಟ್ರೆ ಹೇಳ್ತೀನಿ. ನಗಾರಿಯವಳಂತೂ ಬಿಡಲ್ಲ" ಎಂದ.

ಕುಲ್ಸುಂ ಅವನಿಗೆ ಧನ್ಯವಾದ ಹೇಳಲಿಲ್ಲ. ಹೇಳುವ ಕಾರಣವೂ ಇರಲಿಲ್ಲ. ಸುನೀಲ್ ಎಂದಿನಂತೆ ಪಟ್ಟಿಯ ಚಿತ್ರವನ್ನು ವಾಟ್ಸಾಪಿಗೆ ಹಾಕಿದಾಗ, ಅವಳು ಅದೇ ಚಿತ್ರದಲ್ಲಿ ಹತ್ತನೆಯ ಹೆಸರಿನ ಸುತ್ತ ಕೆಂಪು ಗೆರೆ ಎಳೆದು ಮತ್ತೆ ಹಾಕಿದಳು. ಕೆಳಗೆ ಏನೂ ಬರೆಯಲಿಲ್ಲ. ಆ ಚಿತ್ರ ಇವತ್ತಿಗೂ ಅವಳ ಫೋನಿನ ಮುಖಚಿತ್ರವಾಗಿದೆ.

ಇದಾಗಿ ಒಂದೂವರೆ ವರ್ಷವಾಯಿತು. ಕುಲ್ಸುಂ ಈಗಲೂ ಬೆಳಗ್ಗೆ ಆರಕ್ಕೆ ನೀಲಿ ಚೀಲ ಹೊತ್ತು ಹೊರಡುತ್ತಾಳೆ. ಭಾನುವಾರ ಮೂರಕ್ಕೆ ನಗಾರಿ ಕಟ್ಟುತ್ತಾಳೆ. ಅವರ ತಂಡಕ್ಕೆ ಈಗ ಒಂದು ಕಟ್ಟಳೆಯಿದೆ: ಕ್ಲಾಸ್ ಬದಲಾಯಿಸು ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಕೂಡದು. ಅದನ್ನು ಬರೆದು ಹಾಕಿದವನು ಸುನೀಲ್. ಬೇರೆ ತಂಡಗಳು ಬೇಡವೆಂದ ಕ್ಲಾಸಿನವರು ಹುಡುಕಿಕೊಂಡು ಬರುತ್ತಾರಂತೆ. ಮೊದಲು ಎದುರಿಗೆ ನಿಂತವರ ಬೆನ್ನ ಹಿಂದೆ ನೋಡುವುದನ್ನು ಕಲಿಯಿರಿ ಎಂದು ಅವರಿಗೆ ಕುಲ್ಸುಂ ಹೇಳುತ್ತಾಳೆ.

ರಾಮಯ್ಯನವರ ಮಂಡಿ ಕೈಕೊಟ್ಟಿದೆ, ದಿಬ್ಬಣದಲ್ಲಿ ನಡೆಯಲಾರರು. ದೊಡ್ಡ ಡ್ರಮ್ಮಿಗೆ ಮುನೀರರು ಆಳು ಹುಡುಕುತ್ತಿದ್ದಾರೆ. ಇಬ್ಬರು ಬಂದು ಹೋದರು. ಅಬ್ಬಾ, ಹುಡುಕುವುದು ಮುಗಿದ ಮೇಲೆ ನನಗೆ ಹೇಳಿ ಎಂದು ಮಗಳು ಹೇಳಿದ್ದಾಳೆ. ಅವರು ಆಗಲೆಂದಿಲ್ಲ. ಬೇಡವೆಂದು ಹೇಳುವುದನ್ನೂ ಬಿಟ್ಟಿದ್ದಾರೆ. ಕೋಟು ಹೊಲಿಯುವ ದರ್ಜಿಯ ಹತ್ತಿರ ಹೋದ ವಾರ ಅವಳೇ ಹೋಗಿ ಅಳತೆ ಕೊಟ್ಟು ಬಂದಳು. ಊಟ ಕೊನೆಯ ಪಂಕ್ತಿಯಲ್ಲಿ ಹಾಕಿದರೆ ಏನು ಮಾಡುತ್ತೀ ಎಂದು ನಾನು ಕೇಳಿದೆ. ಮೊದಲ ಪಂಕ್ತಿಯಲ್ಲಿ ಕೂರುತ್ತೇನೆ, ಕೋಟು ತೊಟ್ಟುಕೊಂಡೇ ಎಂದಳು.

ಸಂಜೆ ಐದಕ್ಕೆ ಕೆಲಸ, ಅಡುಗೆ ಮುಗಿಸಿ ಮನೆಯ ತಾರಸಿಯ ಮೇಲೆ ದೊಡ್ಡ ಡ್ರಮ್ ಕಟ್ಟಿಕೊಂಡು ಅಭ್ಯಾಸ ಮಾಡುತ್ತಾಳೆ. ರಾಮಯ್ಯನವರು ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದು, ಕುರ್ಚಿ ಹಾಕಿಕೊಂಡು ತಪ್ಪು ಹಿಡಿಯುತ್ತಾರೆ. ಮಸೀದಿಯಲ್ಲಿ ಅಜಾನ್ ಕೇಳಿದೊಡನೆ ಡ್ರಮ್ ನಿಲ್ಲುತ್ತದೆ. ಅವಳು ಕಾಲು ನಿಲ್ಲಿಸುವುದಿಲ್ಲ. ಮರದ ಬಳೆಯ ಮೇಲೆ ಕಡ್ಡಿಯನ್ನು ಮೆಲ್ಲಗೆ ತಟ್ಟುತ್ತ ತಾರಸಿಯ ಈ ಕೊನೆಯಿಂದ ಆ ಕೊನೆಗೆ ಹಿಂದೆ ಹಿಂದೆ ನಡೆಯುತ್ತಾಳೆ. ಕೆಳಗೆ ಅಂಗಡಿಯ ಷಟರ್ ಪೂರ್ತಿ ತೆರೆದಿರುತ್ತದೆ.